ಆಧಾರ್ ತೋರಿಸಿದರೂ ಪಾಸ್‌ಪೋರ್ಟ್ ಕೇಳಿದರು: ಪ್ರವಾಸದಲ್ಲಿ ಎದುರಾಗುವ ಬಣ್ಣಭೇದಕ್ಕೆ ಏನು ಮಾಡಬಹುದು?

ಪ್ರಶ್ನೆ:

ನಾನು ಧಾರವಾಡದವಳು, ಸಿಎಸ್‌ಐ (ದಕ್ಷಿಣ ಭಾರತದ ಪ್ರೊಟೆಸ್ಟಂಟ್ ಕ್ರೈಸ್ತ ಸಭೆ) ಸಭೆಗೆ ಸೇರಿದ ಮನೆತನ. ಪುಣೆಯ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಮನೆಯವರು ಹಳಿಯಾಳ ತಾಲ್ಲೂಕಿನ ಸಿದ್ದಿ ಸಮುದಾಯದವರು (ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ ವಂಶಸ್ಥರು), ಕ್ಯಾಥೊಲಿಕ್. ಚಾಕಣ್ ಕಡೆಯ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಮದುವೆಯಾಗಿ ಎರಡು ವರ್ಷವಾಯಿತು. ಕಳೆದ ಡಿಸೆಂಬರ್ 3ರ ಸಂತ ಫ್ರಾನ್ಸಿಸ್ ಝೇವಿಯರ್ ಹಬ್ಬಕ್ಕೆಂದು ಗೋವಾಕ್ಕೆ ಹೋಗಿದ್ದೆವು. ಆ್ಯಪ್‌ನಲ್ಲಿ ನನ್ನ ಹೆಸರಲ್ಲಿ ಲಾಡ್ಜ್ ಬುಕ್ ಮಾಡಿ ಪೂರ್ತಿ ಹಣ ಕಟ್ಟಿದ್ದೆ. ಕೌಂಟರಿನಲ್ಲಿ ಇವರನ್ನು ನೋಡುತ್ತಲೇ ಹುಡುಗ ಪಾಸ್‌ಪೋರ್ಟ್ ಕೇಳಿದ. ಇವರು ಆಧಾರ್ ಕೊಟ್ಟರು. ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಒಳಗೆ ಹೋಗಿ ಫೋನಿನಲ್ಲಿ ಕನ್ನಡದಲ್ಲೇ ಹೇಳಿದ: "ಆಫ್ರಿಕಾದಾಂವ ಅದಾನ್ರಿ, ಜೋಡಿ ನಮ್ಮ ಕಡಿ ಹೆಣ್ಮಗಳು ಅದಾಳ." ಹೊರಗೆ ಬಂದು "ರೂಮ್ ಖಾಲಿ ಇಲ್ಲ" ಎಂದು ಹಿಂದಿಯಲ್ಲಿ ಹೇಳಿದ. ಇವರು "ತಮ್ಮಾ, ನಾ ಹಳಿಯಾಳದಾಂವ ಅದೀನಿ, ನೀ ಅಂದದ್ದೆಲ್ಲ ತಿಳೀತು" ಅಂದರು. ಅವನು ತಲೆ ತಗ್ಗಿಸಿದ, ಆದರೆ ರೂಮ್ ಕೊಡಲಿಲ್ಲ. ಹಣವನ್ನು ಆ್ಯಪ್ ಮರಳಿಸಿತು. ಮರುದಿನ ಬಾಡಿಗೆ ಸ್ಕೂಟರಿನಲ್ಲಿ ಹೋಗುವಾಗ ಪೊಲೀಸರು ನಿಲ್ಲಿಸಿ ಇವರ ವೀಸಾ ಕೇಳಿದರು. ಒಬ್ಬರು ನನ್ನ ಕಡೆ ತಿರುಗಿ "ಇವನ ಜೊತೆ ಎಷ್ಟಕ್ಕೆ ಬಂದೆ?" ಎಂಬರ್ಥದ ಮಾತಾಡಿದರು. ನಾನು ಕೂಗಾಡಿದೆ. ಇವರು ನನ್ನ ಕೈ ಹಿಡಿದು "ಸುಮ್ಮನಿರು, ನಡಿ" ಅಂದರು. ಆ ರಾತ್ರಿ ನಮ್ಮಿಬ್ಬರಿಗೇ ಜಗಳವಾಯಿತು. ಈ ಸೆಪ್ಟೆಂಬರ್‌ನಲ್ಲಿ ಮುಂಬಯಿಗೆ, ಬಾಂದ್ರಾದ ಮೌಂಟ್ ಮೇರಿ ಜಾತ್ರೆಗೆ ಹೋಗೋಣ ಅಂದರೆ ಇವರು ಒಲ್ಲೆ ಅನ್ನುತ್ತಾರೆ. ನಮ್ಮ ಅತ್ತೆ (ಅಪ್ಪನ ತಂಗಿ) "ಮೊದಲೇ ಹೇಳಿದ್ದೆ, ಬೈಬಲ್ಲಿನಲ್ಲೇ ಇಂಥ ಜೋಡಿ ಬೇಡ ಅಂತದ" ಅನ್ನುತ್ತಾರೆ. ಲಾಡ್ಜಿನವರು ಮಾಡಿದ್ದು ಕಾನೂನಿಗೆ ಸರಿಯೇ? ಇನ್ನು ಮುಂದೆ ಪಾಸ್‌ಪೋರ್ಟ್, ಮದುವೆ ಸರ್ಟಿಫಿಕೇಟ್ ಹೊತ್ತುಕೊಂಡೇ ತಿರುಗಬೇಕೇ? ಜಗಳ ಮಾಡಿದ ನಾನು ಸರಿಯೋ, ಸುಮ್ಮನಿರು ಅಂದ ಇವರು ಸರಿಯೋ?

ಉತ್ತರ:

ನಿಮ್ಮ ಪತ್ರದಲ್ಲಿ ಮೂರು ಜಾಗದ ನೋವು ಒಂದೇ ಗಂಟಾಗಿ ಬಂದಿದೆ: ಲಾಡ್ಜಿನ ಕೌಂಟರ್, ರಸ್ತೆಯ ಪೊಲೀಸರು ಮತ್ತು ನಿಮ್ಮದೇ ಮನೆ. ಪುಣೆಯಲ್ಲಿ ವಕೀಲಿಕೆ ಮಾಡುವ ನನ್ನ ಬಳಿ ಇಂಥ ಜೋಡಿಗಳು ಬರುತ್ತಾರೆ. ಈಶಾನ್ಯದ ಹುಡುಗಿಯನ್ನು ಮದುವೆಯಾದ ಬೆಳಗಾವಿಯ ಹುಡುಗ, ಇಲ್ಲಿ ಓದಲು ಬಂದ ಕೀನ್ಯಾದವರನ್ನು ಮದುವೆಯಾದ ಮಂಗಳೂರಿನ ಹೆಣ್ಣುಮಗಳು, ಹೀಗೆ. ಬಂದವರೆಲ್ಲ ಮೊದಲು ಕಾನೂನು ಕೇಳುತ್ತಾರೆ. ಮಾತು ಮುಂದುವರಿದ ಮೇಲೆ ನಿಜವಾದ ಸಂಕಟ ಹೊರಬೀಳುತ್ತದೆ. ಅದು ನಿಮ್ಮ ಕೊನೆಯ ಪ್ರಶ್ನೆಯೇ. ಆದರೂ ಲಾಡ್ಜಿನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಅಲ್ಲಿ ನಿಮ್ಮ ಕೈಯಲ್ಲಿ ನೀವಂದುಕೊಂಡಿರುವುದಕ್ಕಿಂತ ಹೆಚ್ಚು ಬಲವಿದೆ.

ಆ ಹುಡುಗ ಪಾಸ್‌ಪೋರ್ಟ್ ಕೇಳಿದ್ದರ ಹಿಂದೆ ಒಂದು ನಿಜವಾದ ನಿಯಮವಿದೆ. ವಿದೇಶಿಯರು ಬಂದು ತಂಗಿದರೆ ಹೋಟೆಲ್, ಲಾಡ್ಜ್, ಹೋಂಸ್ಟೇ ಯಾವುದೇ ಇರಲಿ, 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿಗೆ ಆನ್‌ಲೈನ್‌ನಲ್ಲಿ ಮಾಹಿತಿ ಕಳಿಸಬೇಕು. ಲಾಡ್ಜಿನವರ ಬಾಯಲ್ಲಿ ಇದು ಸಿ-ಫಾರ್ಮ್. 1946ರ ವಿದೇಶಿಯರ ಕಾಯ್ದೆಯಡಿ ಇದ್ದ ಈ ಹೊಣೆ, ಆ ಕಾಯ್ದೆಯ ಜಾಗಕ್ಕೆ 2025ರ ಸೆಪ್ಟೆಂಬರ್ 1ರಿಂದ ಬಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆಯಲ್ಲೂ ಮುಂದುವರಿದಿದೆ. ಕಳಿಸದಿದ್ದರೆ ಲಾಡ್ಜಿನವರ ಮೇಲೆ ಕೇಸು. ಹಾಗಾಗಿ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳದ ಸಣ್ಣ ಲಾಡ್ಜುಗಳು "ವಿದೇಶಿಯರಿಗೆ ಇಲ್ಲ" ಎಂದು ಸಾಗಹಾಕುತ್ತವೆ. ಇದು ಸೋಮಾರಿತನವೇ ಹೊರತು ಕಾನೂನಿನ ಅಪ್ಪಣೆಯಲ್ಲ. ನಿಮ್ಮ ವಿಷಯದಲ್ಲಿ ಈ ನೆಪಕ್ಕೂ ಜಾಗವಿರಲಿಲ್ಲ. ನಿಮ್ಮ ಮನೆಯವರು ವಿದೇಶಿಯರಲ್ಲ, ಗುರುತಿನ ಚೀಟಿ ಕೊಟ್ಟಿದ್ದರು. ಅದಲ್ಲದೆ ಆ ಫೋನಿನ ಎರಡನೇ ಅರ್ಧವನ್ನು ಗಮನಿಸಿ. "ಜೋಡಿ ನಮ್ಮ ಕಡಿ ಹೆಣ್ಮಗಳು ಅದಾಳ" ಎಂಬುದಕ್ಕೂ ಸಿ-ಫಾರ್ಮಿಗೂ ಏನು ಸಂಬಂಧ? ಅಲ್ಲಿ ಕೆಲಸ ಮಾಡಿದ್ದು ನಿಯಮದ ಭಯವಲ್ಲ.

ಸಂವಿಧಾನದ 15ನೇ ವಿಧಿಯ 2ನೇ ಉಪವಿಧಿ ಸಾಮಾನ್ಯವಾಗಿ ಜನರ ಗಮನಕ್ಕೆ ಬರುವುದಿಲ್ಲ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇವುಗಳ ಕಾರಣಕ್ಕೆ ಯಾವ ನಾಗರಿಕನಿಗೂ ಅಂಗಡಿ, ಉಪಾಹಾರಗೃಹ, ಹೋಟೆಲ್, ಮನರಂಜನೆಯ ಸ್ಥಳಗಳಿಗೆ ಪ್ರವೇಶ ತಡೆಯುವಂತಿಲ್ಲ ಎನ್ನುತ್ತದೆ ಅದು. ಮೂಲಭೂತ ಹಕ್ಕುಗಳಲ್ಲಿ ಹೆಚ್ಚಿನವು ಸರ್ಕಾರವನ್ನು ಕಟ್ಟಿಹಾಕುವಂಥವು. ಇದು ಖಾಸಗಿ ಹೋಟೆಲ್ ಮಾಲೀಕನನ್ನೂ ಕಟ್ಟಿಹಾಕುತ್ತದೆ. ಗೋಡೆಯ ಮೇಲೆ ತೂಗುವ "ಪ್ರವೇಶದ ಹಕ್ಕು ಕಾಯ್ದಿರಿಸಲಾಗಿದೆ" ಎಂಬ ಫಲಕ ಇದಕ್ಕಿಂತ ದೊಡ್ಡದಲ್ಲ. ಕುಡಿದು ಗಲಾಟೆ ಮಾಡುವವರನ್ನು, ಗುರುತಿನ ಚೀಟಿ ಇಲ್ಲದವರನ್ನು ಅವರು ಹೊರಗಿಡಬಹುದು. ಮುಖ ನೋಡಿ ಹೊರಗಿಡುವಂತಿಲ್ಲ. ನಿಮ್ಮ ಪ್ರಶ್ನೆಗೆ ನೇರ ಉತ್ತರ: ಅವರು ಮಾಡಿದ್ದು ಸರಿಯಲ್ಲ, ತಪ್ಪು.

ಆದರೆ ಈ ವಿಧಿಯನ್ನು ಮುರಿದವರಿಗೆ ಇಂತಿಷ್ಟು ದಂಡ, ಇಂಥ ಠಾಣೆಗೆ ಹೋಗಿ ಎಂದು ಹೇಳುವ ಸಾಮಾನ್ಯ ಕಾಯ್ದೆ ನಮ್ಮ ದೇಶದಲ್ಲಿ ಇನ್ನೂ ಬಂದಿಲ್ಲ. 2014ರ ಜನವರಿಯಲ್ಲಿ ಅರುಣಾಚಲದ ನೀಡೋ ತಾನಿಯಾ ಎಂಬ ವಿದ್ಯಾರ್ಥಿಯನ್ನು ದೆಹಲಿಯಲ್ಲಿ ಹೊಡೆದು, ಆತ ತೀರಿಕೊಂಡ ಮೇಲೆ ಕೇಂದ್ರ ಸರ್ಕಾರ ಬೆಜ್‌ಬರುವಾ ಸಮಿತಿ ನೇಮಿಸಿತು. ಜನಾಂಗದ ಹೆಸರಿನಲ್ಲಿ ಅವಮಾನ, ಹಲ್ಲೆ ಮಾಡಿದರೆ ಪ್ರತ್ಯೇಕ ಅಪರಾಧವಾಗಬೇಕೆಂದು ಸಮಿತಿ ಅದೇ ವರ್ಷ ಶಿಫಾರಸು ಮಾಡಿತು. ದಂಡಸಂಹಿತೆಯೇ ಬದಲಾಗಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದರೂ ಆ ಕಲಮುಗಳು ಬರಲಿಲ್ಲ. ಇದು ನನಗೆ ಬೇಸರದ ಸಂಗತಿ. ಕಕ್ಷಿದಾರರ ಮುಂದೆ ಕೂತು "ನಿಮ್ಮ ಹಕ್ಕು ಇದೆ, ಆದರೆ ಅದಕ್ಕೆ ನೇರ ಬಾಗಿಲು ಇಲ್ಲ" ಎಂದು ಹೇಳುವುದು ಸುಲಭದ ಕೆಲಸವಲ್ಲ.

ಹಾಗಾಗಿ ಪಕ್ಕದ ಬಾಗಿಲು ಹುಡುಕಬೇಕು. ನಿಮಗೆ ಅದು ಗ್ರಾಹಕ ಆಯೋಗ. ಹಣ ಕಟ್ಟಿ ಖಚಿತವಾದ ಬುಕಿಂಗ್ ಅನ್ನು ಕಾರಣವಿಲ್ಲದೆ ನಿರಾಕರಿಸಿದರೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಅದು ಸೇವಾ ನ್ಯೂನತೆ. ಹಣ ಮರಳಿ ಬಂತು ಎಂದ ಮಾತ್ರಕ್ಕೆ ವ್ಯಾಜ್ಯ ಮುಗಿಯುವುದಿಲ್ಲ. ಮಾನಸಿಕ ಯಾತನೆಗೆ, ರಾತ್ರೋರಾತ್ರಿ ಬೇರೆ ಕಡೆ ಕೊಟ್ಟ ಹೆಚ್ಚಿನ ಬಾಡಿಗೆಗೆ ಪರಿಹಾರ ಕೇಳಬಹುದು. ಇದಕ್ಕಾಗಿ ಗೋವಾಕ್ಕೆ ಓಡಾಡಬೇಕಿಲ್ಲ, ದೂರುದಾರರು ವಾಸಿಸುವ ಊರಿನಲ್ಲೇ, ಅಂದರೆ ಪುಣೆಯ ಜಿಲ್ಲಾ ಆಯೋಗದಲ್ಲೇ ಹಾಕಬಹುದು ಎಂಬುದು ಈ ಕಾಯ್ದೆಯ ದೊಡ್ಡ ಉಪಕಾರ. ನೀವು ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಆನ್‌ಲೈನ್‌ನಲ್ಲೇ ಸಲ್ಲಿಸಬಹುದು. ಘಟನೆಯಾದ ಎರಡು ವರ್ಷದೊಳಗೆ ಹಾಕಬೇಕು. ಮೊದಲು 1915ಕ್ಕೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ದೂರು ಕೊಟ್ಟು ನೋಡಬಹುದು. ಆ್ಯಪ್ ಕಂಪನಿಗಳು ಅದಕ್ಕೆ ಉತ್ತರಿಸುವುದುಂಟು. ಇದರ ಜೊತೆಗೆ, ಗೋವಾದಲ್ಲಿ 1982ರ ಪ್ರವಾಸಿ ವ್ಯಾಪಾರ ನೋಂದಣಿ ಕಾಯ್ದೆಯಡಿ ಹೋಟೆಲುಗಳು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿಕೊಳ್ಳಲೇಬೇಕು. ಆ ಇಲಾಖೆಗೊಂದು ಲಿಖಿತ ದೂರು ಹೋದರೆ ಮಾಲೀಕರು ಗ್ರಾಹಕ ಆಯೋಗದ ನೋಟಿಸಿಗಿಂತ ಬೇಗ ಎಚ್ಚೆತ್ತುಕೊಳ್ಳುತ್ತಾರೆ ಎಂಬುದು ನನ್ನ ಅನುಭವ.

ಕಷ್ಟವನ್ನೂ ಹೇಳಬೇಕು. ಅವರು "ಓವರ್‌ಬುಕಿಂಗ್ ಆಗಿತ್ತು" ಎನ್ನುತ್ತಾರೆ. ಫೋನಿನಲ್ಲಿ ಆಡಿದ ಮಾತಿಗೆ ಧ್ವನಿಮುದ್ರಿಕೆ ಇಲ್ಲ. ಆದರೆ ಆ ಮಾತನ್ನು ಕಿವಿಯಾರೆ ಕೇಳಿದವರು ನೀವಿಬ್ಬರು. ಪ್ರಮಾಣಪತ್ರದ (ಅಫಿಡವಿಟ್) ಮೂಲಕ ಕೊಡುವ ನಿಮ್ಮ ಹೇಳಿಕೆಯೇ ಸಾಕ್ಷ್ಯ. ಅದರ ಪಕ್ಕದಲ್ಲಿ ಬುಕಿಂಗ್ ಖಚಿತವಾದ ಸಂದೇಶ, ರದ್ದಾದ ಸಮಯ, ಅದೇ ರಾತ್ರಿ ಆ ಲಾಡ್ಜಿನಲ್ಲಿ ರೂಮ್ ಖಾಲಿ ಎಂದು ಆ್ಯಪ್ ತೋರಿಸುತ್ತಿದ್ದರೆ ಅದರ ಸ್ಕ್ರೀನ್‌ಶಾಟ್, ಬೇರೆ ಹೋಟೆಲಿನ ಬಿಲ್ ಇವು ನಿಂತರೆ ಪ್ರಕರಣಕ್ಕೆ ಕಾಲು ಬರುತ್ತದೆ. ವರ್ಷಗಟ್ಟಲೆ ಎಳೆಯಬಹುದು. ಸಿಗುವ ಹಣ ದೊಡ್ಡದಿರುವುದಿಲ್ಲ. ಅದನ್ನು ತಿಳಿದೇ ಇಳಿಯಬೇಕು.

ಇನ್ನು ಕಾಗದಪತ್ರ. ಮದುವೆ ಸರ್ಟಿಫಿಕೇಟ್ ತೋರಿಸಿದರೇ ರೂಮ್ ಎಂಬ ಕಾನೂನು ಭಾರತದಲ್ಲಿಲ್ಲ. ಮದುವೆಯಾಗದ ಇಬ್ಬರು ವಯಸ್ಕರಿಗೂ ರೂಮ್ ಕೊಡಬಾರದೆಂಬ ಕಾನೂನಿಲ್ಲ. ಪಾಸ್‌ಪೋರ್ಟ್ ಕೂಡ ನಾಗರಿಕರಿಗೆ ಕಡ್ಡಾಯವಲ್ಲ. ಆದರೆ ಆಧಾರ್ ಬಗ್ಗೆ ಒಂದು ಸೂಕ್ಷ್ಮ ತಿಳಿದಿರಲಿ. 2016ರ ಆಧಾರ್ ಕಾಯ್ದೆಯೇ ಹೇಳುವಂತೆ ಅದು ಪೌರತ್ವದ ಪುರಾವೆಯಲ್ಲ; ಇಲ್ಲಿ 182 ದಿನ ಅಥವಾ ಅದಕ್ಕಿಂತ ಹೆಚ್ಚು ವಾಸವಿರುವ ವಿದೇಶಿಯರಿಗೂ ಅದು ಸಿಗುತ್ತದೆ. ಹಾಗಾಗಿ ಹಟ ಹಿಡಿದ ಕೌಂಟರಿನವನಿಗಾಗಲಿ ಪೊಲೀಸರಿಗಾಗಲಿ ಆಧಾರ್ ಬಾಯಿ ಮುಚ್ಚಿಸುವುದಿಲ್ಲ. ಚುನಾವಣಾ ಗುರುತಿನ ಚೀಟಿ ನಾಗರಿಕರಿಗೆ ಮಾತ್ರ ಸಿಗುವಂಥದ್ದು. ನಿಮ್ಮ ಮನೆಯವರು ಅದನ್ನು ಜೇಬಿನಲ್ಲಿಟ್ಟುಕೊಳ್ಳಲಿ. ಹುಟ್ಟಿದ ನಾಡಿನಲ್ಲಿ ತಾನು ಈ ನಾಡಿನವನೆಂದು ಒಬ್ಬ ಮನುಷ್ಯ ಚೀಟಿ ತೋರಿಸಬೇಕಾಗಿರುವುದು ಅನ್ಯಾಯ. ಆದರೂ ಹೇಳುತ್ತಿದ್ದೇನೆ, ಏಕೆಂದರೆ ಹಳೆಯ ವಿದೇಶಿಯರ ಕಾಯ್ದೆಯಲ್ಲಿ "ನಾನು ವಿದೇಶಿಯನಲ್ಲ" ಎಂದು ಸಾಬೀತು ಮಾಡುವ ಹೊರೆ ಆ ವ್ಯಕ್ತಿಯ ಮೇಲೆಯೇ ಇತ್ತು. ಹೊಸ ಕಾಯ್ದೆಯಲ್ಲೂ ಅದು ಉಳಿದಿದೆ. ರಾತ್ರಿ ಹೊತ್ತು ಠಾಣೆಯ ಬೆಂಚಿನ ಮೇಲೆ ಕೂರುವುದಕ್ಕಿಂತ ಒಂದು ಚೀಟಿ ಇರುವುದು ಲೇಸು.

ಮುಖ ನೋಡುತ್ತಲೇ "ಆಫ್ರಿಕಾದಾಂವ" ಎಂಬ ಮಾತು ಬರುವುದು ನಮ್ಮ ಇತಿಹಾಸವನ್ನು ನಾವೇ ಮರೆತದ್ದರಿಂದ. ಅದರಲ್ಲೂ ಗೋವಾದಲ್ಲಿ ಆ ಮಾತು ಬಂದದ್ದು ನೋಯಿಸುತ್ತದೆ. 1510ರಲ್ಲಿ ಗೋವಾ ಹಿಡಿದ ಪೋರ್ಚುಗೀಸರು ಮೊಜಾಂಬಿಕ್ ಮತ್ತು ಪೂರ್ವ ಆಫ್ರಿಕಾದ ಕರಾವಳಿಯಿಂದ ಜನರನ್ನು ಗುಲಾಮರನ್ನಾಗಿ ಹಡಗಿನಲ್ಲಿ ತಂದರು. ಅವರಲ್ಲಿ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟ ಹತ್ತಿ ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾದ ಕಾಡುಗಳಲ್ಲಿ ನೆಲೆನಿಂತರು. ಸಿದ್ದಿಗಳಲ್ಲಿ ಕ್ರೈಸ್ತರು, ಮುಸ್ಲಿಮರು, ಹಿಂದೂಗಳು ಮೂವರೂ ಇದ್ದಾರೆ. ಅವರ ಮನೆಮಾತಿನಲ್ಲಿ ಕೊಂಕಣಿ ಇನ್ನೂ ಉಸಿರಾಡುತ್ತಿದೆ. ಅಂದರೆ ಹಳೆ ಗೋವಾದ ಹಬ್ಬಕ್ಕೆ ಹೋದ ಸಾವಿರಾರು ಯಾತ್ರಿಕರಲ್ಲಿ ಆ ಮಣ್ಣಿನ ಜೊತೆ ಶತಮಾನಗಳ ಲೆಕ್ಕ ಬಾಕಿ ಇದ್ದವರಲ್ಲಿ ನಿಮ್ಮ ಮನೆಯವರೂ ಒಬ್ಬರು. ಮಹಾರಾಷ್ಟ್ರಕ್ಕೂ ಇದು ಹೊಸ ಮುಖವಲ್ಲ. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ, ಅಹ್ಮದ್‌ನಗರ ರಾಜ್ಯದ ಪೇಶ್ವೆಯಾಗಿ ಬೆಳೆದ ಮಲಿಕ್ ಅಂಬರ್ 1626ರಲ್ಲಿ ತೀರಿಕೊಂಡ. ಇಂದಿನ ಛತ್ರಪತಿ ಸಂಭಾಜಿನಗರ (ಔರಂಗಾಬಾದ್) ಅವನು ಖಡಕಿ ಎಂಬ ಹೆಸರಿನಲ್ಲಿ ಕಟ್ಟಿದ ಊರು. ಮುರುಡದ ಜಂಜಿರಾ ಕೋಟೆ ಸಿದ್ದಿ ಅರಸರದು. 1689ರಲ್ಲಿ ಅವರು ಮುಂಬಯಿಗೇ ಮುತ್ತಿಗೆ ಹಾಕಿದ್ದರು. ಇಷ್ಟೆಲ್ಲ ಇದ್ದೂ ಕಪ್ಪು ಬಣ್ಣ, ಗುಂಗುರು ಕೂದಲು ಕಂಡರೆ ನಮ್ಮವರಿಗೆ ಹೊಳೆಯುವುದು ವಿಮಾನ ನಿಲ್ದಾಣವೇ.

ಗೋವಾದಲ್ಲಿ ಇದರ ಮೇಲೆ ಇನ್ನೊಂದು ಪದರವಿದೆ. 2013ರ ಅಕ್ಟೋಬರ್ ಕೊನೆಗೆ ಪರ್ರಾ ಎಂಬಲ್ಲಿ ನೈಜೀರಿಯಾದ ವ್ಯಕ್ತಿಯೊಬ್ಬನ ಕೊಲೆಯಾಯಿತು. ಅವನ ದೇಶದವರು ಪರ್ವರಿಯಲ್ಲಿ ಹೆದ್ದಾರಿ ತಡೆದರು. ಬಳಿಕ ನೈಜೀರಿಯನ್ನರೂ ಬೇಡ, ಮಾದಕವಸ್ತುವೂ ಬೇಡ ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ಬ್ಯಾನರುಗಳು ಕಾಣಿಸಿಕೊಂಡವು. ಆಗಿನ ಸಚಿವರೊಬ್ಬರು ಅವರನ್ನು ಕ್ಯಾನ್ಸರ್ ಎಂದು ಕರೆದು ಆಮೇಲೆ ವಿಷಾದಿಸಿದರು. ಕೆಲವರ ಅಪರಾಧವನ್ನು ಒಂದು ಬಣ್ಣಕ್ಕೆ ಅಂಟಿಸಿದ್ದರ ಫಲವನ್ನು ಈಗ ಹಳಿಯಾಳದ ಹುಡುಗ ಉಣ್ಣುತ್ತಿದ್ದಾನೆ. ಆ ಕೌಂಟರಿನ ಹುಡುಗನ ಬಗ್ಗೆಯೂ ಒಂದು ಮಾತು. ಗೋವಾದಲ್ಲಿ ಕೆಲಸಕ್ಕೆ ಬಂದ ನಮ್ಮ ಉತ್ತರ ಕರ್ನಾಟಕದವರನ್ನು "ಘಾಟಿ" (ಘಟ್ಟದ ಆಚೆಯವರು) ಎಂದು ಹಂಗಿಸುವುದನ್ನು ಅವನು ಖಂಡಿತ ಕೇಳಿಸಿಕೊಂಡಿರುತ್ತಾನೆ. ಅವಮಾನ ಉಂಡವನು ಇನ್ನೊಬ್ಬನಿಗೆ ಅದನ್ನೇ ಬಡಿಸಿದ. ವರಾನ್ವೇಷಣೆಯ ಜಾಹೀರಾತುಗಳಲ್ಲಿ ಇಂದಿಗೂ ಹುಡುಗಿಯ ಮೈಬಣ್ಣ ಬರೆಯುವ ನಾವು ಅವನೊಬ್ಬನನ್ನೇ ದೂರಿದರೆ ಪ್ರಾಮಾಣಿಕತೆಯಾಗದು.

ಪೊಲೀಸರ ವಿಷಯಕ್ಕೆ ಬರುತ್ತೇನೆ. ಬಾಡಿಗೆ ಸ್ಕೂಟರ್ ನಿಲ್ಲಿಸಿ ಲೈಸೆನ್ಸ್, ಗುರುತು ಕೇಳುವುದು ಅವರ ಅಧಿಕಾರ. ವೀಸಾ ಕೇಳಿದ್ದು ಊಹೆಯ ಮೇಲೆ. ಚೀಟಿ ತೋರಿಸಿದ ಮೇಲೂ ತಡೆದು ನಿಲ್ಲಿಸಿದ್ದರೆ ಅದು ಅಕ್ರಮ. ಆದರೆ ನಿಮಗೆ ಹೇಳಿದ ಮಾತು ಬೇರೆಯದೇ ಜಾತಿಯದು. ಹೆಣ್ಣಿನ ಮಾನಕ್ಕೆ ಕುಂದು ತರುವ ಉದ್ದೇಶದ ಮಾತು, ಸನ್ನೆ ಭಾರತೀಯ ನ್ಯಾಯ ಸಂಹಿತೆಯ 79ನೇ ಕಲಮಿನಡಿ ಅಪರಾಧ, ಮೂರು ವರ್ಷದವರೆಗೆ ಸಾದಾ ಸಜೆ ಮತ್ತು ದಂಡ. ಆಡಿದವನು ಸಮವಸ್ತ್ರದಲ್ಲಿದ್ದರೂ ಅಷ್ಟೇ. ಕಪ್ಪು ಗಂಡಸಿನ ಪಕ್ಕ ನಮ್ಮ ಕಡೆಯ ಹೆಣ್ಣು ಕುಳಿತಿದ್ದರೆ ಅದಕ್ಕೆ ಪ್ರೀತಿ, ಮದುವೆ ಕಾರಣವಾಗಿರಲು ಸಾಧ್ಯವೇ ಇಲ್ಲ ಎಂದು ತೀರ್ಮಾನಿಸಿದ ಮನಸ್ಸಿನ ಮಾತು ಅದು. ಇಬ್ಬರನ್ನೂ ಒಂದೇ ಏಟಿಗೆ ಕೀಳು ಮಾಡಿತು. ನಿಮಗೆ ಸಿಟ್ಟು ಬಂದದ್ದು ಸಹಜ.

ದೂರನ್ನು ಈಗಲೂ ಕೊಡಬಹುದು. ಘಟನೆ ಎಲ್ಲೇ ನಡೆದಿರಲಿ ಯಾವ ಠಾಣೆಯಲ್ಲಾದರೂ ಮಾಹಿತಿ ದಾಖಲಿಸಬಹುದೆಂದು ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಹೇಳುತ್ತದೆ. ಝೀರೋ ಎಫ್‌ಐಆರ್ ಅಂದರೆ ಇದೇ. ಆದರೆ ತನಿಖೆ ಗೋವಾಕ್ಕೆ ಹೋಗುತ್ತದೆ, ಹೇಳಿಕೆಗೆ ನೀವೂ ಹೋಗಬೇಕಾಗುತ್ತದೆ, ಪೊಲೀಸರ ಮೇಲೆ ಪೊಲೀಸರೇ ತನಿಖೆ ಮಾಡುತ್ತಾರೆ. ಇದಕ್ಕಿಂತ ರಾಜ್ಯದ ಪೊಲೀಸ್ ದೂರು ಪ್ರಾಧಿಕಾರಕ್ಕೆ ಬರೆಯುವುದು ಮೇಲು ಎಂದು ನನ್ನ ಸಲಹೆ. 2006ರ ಪ್ರಕಾಶ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸೂಚಿಸಿದ ಮೇಲೆ ಹುಟ್ಟಿದ ಸಂಸ್ಥೆ ಇದು. ಗೋವಾದಲ್ಲೂ ಇದೆ, ಮಹಾರಾಷ್ಟ್ರದಲ್ಲೂ ಇದೆ. ಮಾನವ ಹಕ್ಕುಗಳ ಆಯೋಗಕ್ಕೆ ಹೋಗುವುದಾದರೆ ಘಟನೆಯಾದ ಒಂದು ವರ್ಷದೊಳಗೆ ಹೋಗಬೇಕು, ಅಂದರೆ ನಿಮಗೆ ಬರುವ ಡಿಸೆಂಬರ್‌ವರೆಗೆ. ದಿನ, ಹೊತ್ತು, ಜಾಗ, ಸ್ಕೂಟರ್ ನಂಬರ್, ಹೆಸರಿನ ಪಟ್ಟಿ ಕಂಡಿದ್ದರೆ ಹೆಸರು, ಆಡಿದ ಮಾತು ಯಾವ ಭಾಷೆಯಲ್ಲಿತ್ತೋ ಆ ಭಾಷೆಯಲ್ಲೇ ಇಂದೇ ಬರೆದಿಡಿ. ತಿಂಗಳು ಕಳೆದಷ್ಟೂ ನೆನಪಿನ ಮಾತು ಮೊಂಡಾಗುತ್ತದೆ.

ನಿಮ್ಮ ಮನೆಯವರ ಕೈಯಲ್ಲಿ ಇನ್ನೊಂದು ಕಾಯ್ದೆಯೂ ಇದೆ ಎಂದು ಯಾರಾದರೂ ಹೇಳಿರಬಹುದು. ಉತ್ತರ ಕನ್ನಡದ ಸಿದ್ದಿಗಳನ್ನು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಕ್ರೈಸ್ತರಾದ್ದರಿಂದ ಅದು ಅನ್ವಯಿಸದು ಎಂಬ ಮಾತು ತಪ್ಪು. ಆ ನಿಬಂಧನೆ ಪರಿಶಿಷ್ಟ ಜಾತಿಗಳಿಗೆ ಇದೆ, ಪಂಗಡಗಳಿಗೆ ಇಲ್ಲ. ಹಾಗಾಗಿ 1989ರ ದೌರ್ಜನ್ಯ ತಡೆ ಕಾಯ್ದೆ ಅವರಿಗೂ ಆಸರೆ. ಆದರೆ ಆ ಕಾಯ್ದೆಯಡಿ ಅವಮಾನದ ಕಲಮು ನಿಲ್ಲಬೇಕಾದರೆ, ಎದುರಿನವನು ಇವರನ್ನು ಪಂಗಡದವರೆಂಬ ಕಾರಣಕ್ಕೇ ಅವಮಾನಿಸಿದ ಎಂದು ತೋರಿಸಬೇಕು. ವಿದೇಶಿಯನೆಂದು ಭಾವಿಸಿ ಹೊರಗಟ್ಟಿದವನ ಮೇಲೆ ಅದನ್ನು ತೋರಿಸುವುದು ಕಷ್ಟ. ಪಂಗಡಗಳ ಪಟ್ಟಿಯೂ ರಾಜ್ಯಕ್ಕೊಂದು ಬೇರೆ. ಲಾಡ್ಜಿನ ಪ್ರಕರಣಕ್ಕೆ ಇದನ್ನು ಎಳೆಯಬೇಡಿ ಎಂದೇ ನಾನು ಹೇಳುವುದು. ನಾಳೆ ಯಾರಾದರೂ ಊರು, ಸಮುದಾಯ ತಿಳಿದೇ ಹೀಯಾಳಿಸಿದರೆ ಆಗ ಮಾತು ಬೇರೆ.

ಇದೇ ತೊಂದರೆಯಲ್ಲಿರುವ, ಗಂಡ ಅಥವಾ ಹೆಂಡತಿ ನಿಜವಾಗಿ ವಿದೇಶಿಯರಾಗಿರುವ ಓದುಗರಿಗೆ ಒಂದು ಮಾತು. 15ನೇ ವಿಧಿ ನಾಗರಿಕರಿಗೆ ಮಾತ್ರ. ನಿಮ್ಮ ಜೊತೆಗಾರರಿಗೆ ಸಮಾನತೆಯ 14ನೇ ವಿಧಿ, ಜೀವ ಮತ್ತು ಸ್ವಾತಂತ್ರ್ಯದ 21ನೇ ವಿಧಿ ಆಸರೆ. ಬುಕ್ ಮಾಡುವ ಮುನ್ನ ಫೋನ್ ಮಾಡಿ "ಸಿ-ಫಾರ್ಮ್ ಹಾಕುತ್ತೀರಾ?" ಎಂದು ಕೇಳಿ. ಪಾಸ್‌ಪೋರ್ಟ್, ವೀಸಾ ಜೊತೆಗಿರಲೇಬೇಕು. ನೋಂದಣಿಯಾದ ಮದುವೆ ಎರಡು ವರ್ಷ ದಾಟಿದ್ದರೆ ಸಾಗರೋತ್ತರ ಭಾರತೀಯ ನಾಗರಿಕ ಕಾರ್ಡಿಗೆ ಅರ್ಜಿ ಹಾಕಬಹುದು.

ನಿಮ್ಮ ಅತ್ತೆಯವರ ಮಾತಿಗೆ ಉತ್ತರಿಸಲು ನಾನು ಪಾದ್ರಿಯಲ್ಲ, ಆದರೆ ಅವರು ಹೇಳುವ ವಚನ ಯಾವುದೆಂದು ಊಹಿಸಬಲ್ಲೆ. ಕೊರಿಂಥದವರಿಗೆ ಬರೆದ ಎರಡನೇ ಪತ್ರದ ಇಜ್ಜೋಡಿನ ಮಾತು ನಂಬಿಕೆಯ ಬಗ್ಗೆ ಹೇಳಿದ್ದು, ಮೈಬಣ್ಣದ ಬಗ್ಗೆ ಅಲ್ಲ. ನೀವಿಬ್ಬರೂ ಒಬ್ಬನೇ ಕ್ರಿಸ್ತನನ್ನು ನಂಬುವವರು. ಬಣ್ಣದ ಬಗ್ಗೆಯೇ ಬೇಕಾದರೆ ಅರಣ್ಯಕಾಂಡದ 12ನೇ ಅಧ್ಯಾಯ ತೆರೆಯಿರಿ. ಮೋಶೆ ಕೂಷ್ ದೇಶದ, ಅಂದರೆ ಈಜಿಪ್ಟಿನ ದಕ್ಷಿಣದ ಆಫ್ರಿಕಾದ ಹೆಣ್ಣನ್ನು ಮದುವೆಯಾದನೆಂದು ಅಕ್ಕ ಮಿರ್ಯಾಮಳೂ ಅಣ್ಣ ಆರೋನನೂ ಆಡಿಕೊಳ್ಳುತ್ತಾರೆ. ದೇವರ ಕೋಪ ಮೋಶೆಯ ಮೇಲಲ್ಲ, ಆಡಿಕೊಂಡವರ ಮೇಲೆ ಎರಗುತ್ತದೆ. ಮಿರ್ಯಾಮಳ ಮೈ ರೋಗ ಹತ್ತಿ ಹಿಮದಂತೆ ಬಿಳುಪಾಗುತ್ತದೆ. ಇದನ್ನು ಅತ್ತೆಯವರ ಬಾಯಿ ಮುಚ್ಚಿಸಲು ಬಳಸಬೇಡಿ. ಅವರ ಜೊತೆ ಕೂತು ಓದಿ. ಅವರ ಮಾತಿನ ಅಡಿಯಲ್ಲಿ ನಿಮಗೆ ಏನಾದರೂ ಆದೀತೆಂಬ ಭಯವೂ ಇರಬಹುದು.

ಈಗ ನೀವಿಬ್ಬರು. ಯಾರು ಸರಿ ಎಂದು ಕೇಳಿದ್ದೀರಿ. ನನ್ನ ಮುಂದೆ ಕೂತ ಜೋಡಿಗಳಲ್ಲಿ ನಾನು ಮತ್ತೆ ಮತ್ತೆ ಕಂಡದ್ದು ಇದು: ಹೊರಗೆ ಅವಮಾನ ಮಾಡಿದವನು ಊಟ ಮಾಡಿ ಮಲಗುತ್ತಾನೆ, ಇವರಿಬ್ಬರು ಒಬ್ಬರ ಮೇಲೊಬ್ಬರು ಹರಿಹಾಯುತ್ತಾರೆ. ನಿಮಗೆ ಅವರ ಮೌನ ಸೋಲಿನಂತೆ ಕಾಣುತ್ತದೆ. ಅವರಿಗೆ ನಿಮ್ಮ ಕೂಗು ಅಪಾಯದಂತೆ ಕೇಳಿಸುತ್ತದೆ. ನೀವು ಈ ನೋಟವನ್ನು ಎರಡು ವರ್ಷದಿಂದ ಎದುರಿಸುತ್ತಿದ್ದೀರಿ. ಅವರು ಶಾಲೆಗೆ ಹೋದ ದಿನದಿಂದ ಎದುರಿಸಿದ್ದಾರೆ, ಎಲ್ಲಿ ಮಾತಾಡಿದರೆ ಏನಾಗುತ್ತದೆ ಎಂಬುದು ಅವರಿಗೆ ಪುಸ್ತಕದಿಂದ ತಿಳಿದದ್ದಲ್ಲ. 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೆಸರಘಟ್ಟ ಕಡೆ ಸೂಡಾನಿನ ವಿದ್ಯಾರ್ಥಿಯೊಬ್ಬನ ಕಾರು ಗುದ್ದಿ ಒಬ್ಬ ಮಹಿಳೆ ತೀರಿಕೊಂಡಾಗ, ಅದಕ್ಕೆ ಸಂಬಂಧವೇ ಇಲ್ಲದ ಟಾಂಜಾನಿಯಾದ ವಿದ್ಯಾರ್ಥಿನಿ ಆ ದಾರಿಯಲ್ಲಿ ಬಂದಳೆಂದು ಗುಂಪು ಅವಳ ಮೇಲೆ ಬಿತ್ತು. ಗುಂಪಿಗೆ ಹೆಸರು, ಊರು, ನ್ಯಾಯ ಯಾವುದೂ ಬೇಡ. ರಸ್ತೆಯಲ್ಲಿ ಜಗಳ ನಿಮ್ಮ ಬಾಯಿಂದ ಶುರುವಾದರೂ ಏಟು ಬೀಳುವುದು ಅವರ ಮೈಮೇಲೆ. ಆದ್ದರಿಂದ ಆ ರಸ್ತೆಯಲ್ಲಿ, ಆ ಕ್ಷಣದಲ್ಲಿ "ನಡಿ" ಎಂದ ಅವರ ತೀರ್ಮಾನ ಸರಿಯಾಗಿತ್ತು. ನಿಮ್ಮ ಸಿಟ್ಟೂ ಸರಿಯೇ. ಅದಕ್ಕೆ ರಸ್ತೆ ತಕ್ಕ ಜಾಗವಾಗಿರಲಿಲ್ಲ, ದೂರಿನ ಅರ್ಜಿ ತಕ್ಕ ಜಾಗ.

ಆದರೆ ಸುಮ್ಮನಿರುವುದಕ್ಕೂ ಬೆಲೆ ಇದೆ, ಅದನ್ನು ಅವರು ಈಗ ತೆರುತ್ತಿದ್ದಾರೆ. ಎಲ್ಲಿಗೂ ಒಲ್ಲೆ ಎನ್ನುವುದು ಅದೇ. "ಏನಾಗಲ್ಲ ಬನ್ನಿ" ಎಂದು ಒತ್ತಾಯಿಸಬೇಡಿ. ಏನಾದರೂ ಆಗಬಹುದೆಂದು ಇಬ್ಬರಿಗೂ ಗೊತ್ತು. ಹೋಗುವುದಾದರೆ ಯಾವುದು ಬೇಕು, ಯಾವುದು ಬೇಡ ಎಂದು ಅವರನ್ನೇ ಕೇಳಿ. ಹೊರಡುವ ಮುನ್ನವೇ ಮಾತಾಡಿಕೊಳ್ಳಿ: ಕೌಂಟರಿನಲ್ಲಿ ಯಾರು ಮಾತಾಡುವುದು, ಪೊಲೀಸರು ಬಂದರೆ ಯಾರು, ಯಾವಾಗ ಎದ್ದು ನಡೆದುಬಿಡುವುದು. ಅವರಿಗೆ ಕೇಳಿದ ಪ್ರಶ್ನೆಗೆ ನೀವು ಉತ್ತರಿಸಬೇಡಿ. 'ಇವರು ನಮ್ಮವರೇ' ಎಂದು ನೀವು ಜಾಮೀನು ನಿಂತಾಗ, ಪ್ರೀತಿಯಿಂದಲೇ ಇರಲಿ, ಅವರು ಇನ್ನೊಬ್ಬರ ಮಾತಿನ ಮೇಲೆ ನಿಲ್ಲಬೇಕಾದವರಾಗುತ್ತಾರೆ. ನಿಮ್ಮನ್ನು ಕುರಿತು ಬಂದ ಹೊಲಸು ಮಾತಿಗೆ ಉತ್ತರ ಕೊಡುವ ಹಕ್ಕು ನಿಮ್ಮದು. ಅದನ್ನೂ ಜಾಗ ನೋಡಿ.

ಬಾಂದ್ರಾದ ಜಾತ್ರೆ ಸೆಪ್ಟೆಂಬರ್ 8ರ ನಂತರದ ಭಾನುವಾರದಿಂದ ವಾರವಿಡೀ ನಡೆಯುತ್ತದೆ. ಲಕ್ಷಗಟ್ಟಲೆ ಜನ, ಎಲ್ಲ ಧರ್ಮದವರು, ಎಲ್ಲ ಬಣ್ಣದವರು ಬರುತ್ತಾರೆ. ವಾರದ ನಡುವಿನ ಬೆಳಗ್ಗೆ ಹೋದರೆ ನೂಕುನುಗ್ಗಲು ಕಡಿಮೆ. ಪುಣೆಯಿಂದ ಬೆಳಗಿನ ರೈಲಿಗೆ ಹೋಗಿ ಸಂಜೆ ಮರಳಿದರೆ ಲಾಡ್ಜಿನ ಗೊಡವೆಯೇ ಇಲ್ಲ. ಮೊದಲ ಸಲಕ್ಕೆ ಹಾಗೆ ಮಾಡುವುದರಲ್ಲಿ ತಪ್ಪಿಲ್ಲ. ಉಳಿಯುವುದಾದರೆ ನಿಮ್ಮ ಧರ್ಮಗುರುಗಳ ಮೂಲಕ ಚರ್ಚಿನ ಅತಿಥಿಗೃಹ ಕೇಳಿ ನೋಡಿ. ಬುಕಿಂಗಿಗೆ ಮುನ್ನ "ಇಬ್ಬರೂ ಭಾರತೀಯರು, ಗುರುತಿನ ಚೀಟಿ ಇದೆ" ಎಂದು ಲಿಖಿತ ಸಂದೇಶ ಕಳಿಸಿ ಉತ್ತರ ಪಡೆಯುವ ಉಪಾಯವೂ ಇದೆ. ಅದನ್ನು ಹೇಳಲು ನನಗೇ ಮನಸ್ಸಿಲ್ಲ, ಬೇರೆ ಯಾವ ದಂಪತಿಗೂ ಅದು ಬೇಕಿಲ್ಲ. ಆದರೆ ಆ ಸಂದೇಶ ಮುಂದೆ ಸಾಕ್ಷ್ಯವಾಗುತ್ತದೆ. ಕಳಿಸಬೇಕೋ ಬೇಡವೋ ನಿಮ್ಮ ಮನೆಯವರೇ ತೀರ್ಮಾನಿಸಲಿ. ಅಪಾಯ ಅನ್ನಿಸಿದರೆ 112. ಪ್ರವಾಸಿಗರ ಸಹಾಯವಾಣಿ 1363.

ಗ್ರಾಹಕ ದೂರಿನ ಬಗ್ಗೆ ಒಂದು ಉಳಿಯಿತು. ಬುಕಿಂಗ್ ನಿಮ್ಮ ಹೆಸರಿನಲ್ಲಿದೆ, ಹಾಗಾಗಿ ದೂರುದಾರರು ನೀವು. ನಿಮ್ಮ ಮನೆಯವರ ಹೆಸರನ್ನು ಎರಡನೇ ದೂರುದಾರರೆಂದು ಸೇರಿಸಬಹುದು. ಸೇರಿಸಿದರೆ ಆ ರಾತ್ರಿಯ ಮಾತನ್ನು ಅವರು ಪ್ರಮಾಣ ಮಾಡಿ ಮತ್ತೊಮ್ಮೆ ಹೇಳಬೇಕಾಗುತ್ತದೆ, ಎದುರು ವಕೀಲರ ಪ್ರಶ್ನೆಗಳಿಗೂ ಉತ್ತರಿಸಬೇಕಾಗಬಹುದು. ಅವರಿಗೆ ಅದು ಬೇಕೇ ಎಂದು ಮೊದಲು ಕೇಳಿ. ಬೇಡ ಎಂದರೆ ನಿಮ್ಮೊಬ್ಬರ ಹೆಸರಿನಲ್ಲೇ ಹಾಕಿ. ನೀವು ಕೇಳಿದ್ದೂ, ನಿಮಗಾದದ್ದೂ ಪ್ರಕರಣ ನಡೆಸಲು ಸಾಕು.